ಪರ್ಸಿ ಸ್ಲೆಡ್ಜ್ ಪ್ರಕರಣ: ದನಿ ಇವನದು, ಹಾಡು ಕಾಗದದ ಮೇಲೆ ಬೇರೆಯವರದು

1966ರಲ್ಲಿ ಅಮೆರಿಕದ ಅಟ್ಲಾಂಟಿಕ್ ಕಂಪನಿ ಒಂದು ಸಿಂಗಲ್ ರೆಕಾರ್ಡ್ ಹೊರಗೆ ತಂದಿತು. ನಂಬರ್ 2326. ಹಾಡಿನ ಹೆಸರು ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’. ಬರೆದವರು ಲೂಯಿಸ್ ಮತ್ತು ರೈಟ್. ಹಾಡಿದವನು ಪರ್ಸಿ ಸ್ಲೆಡ್ಜ್.

ಮೂರು ನಿಮಿಷವೂ ಇಲ್ಲದ ಹಾಡು ಅದು. ಆದರೆ ಅದನ್ನು ಹಾಡಿದವನ ಬದುಕು ಪೂರ್ತಿ ಅದರ ಸುತ್ತಲೇ ತಿರುಗಿತು. ಹಾಡು ಅಂದರೆ ಯಾರದು? ಅಕ್ಷರ ಜೋಡಿಸಿದವರದಾ, ರಾಗ ಕಟ್ಟಿದವರದಾ, ಅದಕ್ಕೆ ಉಸಿರು ಕೊಟ್ಟವರದಾ? ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಡುತ್ತದೆ, ಕಿವಿ ಇನ್ನೊಂದು ಕೊಡುತ್ತದೆ. ಪರ್ಸಿಯ ಪ್ರಕರಣದಲ್ಲಿ ಆ ಎರಡು ಉತ್ತರಗಳ ನಡುವಿನ ದೂರ ಎಷ್ಟು ಅನ್ನೋದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಹತ್ತಿ ಹೊಲ, ಚರ್ಚು, ಆಸ್ಪತ್ರೆ

ಪರ್ಸಿ ಹುಟ್ಟಿದ್ದು 1940ರಲ್ಲಿ, ಅಲಬಾಮಾ ರಾಜ್ಯದ ಲೇಟನ್ ಎಂಬ ಸಣ್ಣ ಊರಲ್ಲಿ. ಸುತ್ತಮುತ್ತ ಹತ್ತಿ ಹೊಲಗಳು. ಹುಡುಗನಾಗಿದ್ದಾಗ ಅಲ್ಲೇ ದುಡಿದ. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದ, ರೇಡಿಯೋದಲ್ಲಿ ಕಂಟ್ರಿ ಹಾಡು ಕೇಳುತ್ತಿದ್ದ. ಕಂಟ್ರಿ ಗಾಯಕ ಜಿಮ್ ರೀವ್ಸ್ ಅಂದರೆ ಅವನಿಗೆ ಪ್ರಾಣ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಕರಿಯರ ಚರ್ಚಿನ ಮೊರೆ ಮತ್ತು ಬಿಳಿಯರ ಕಂಟ್ರಿ ಹಾಡಿನ ಅಳಲು, ಎರಡೂ ಒಂದೇ ಗಂಟಲಲ್ಲಿ ಕೂಡಿದಾಗ ಬರುವುದೇ ದಕ್ಷಿಣದ ಸೋಲ್ ಬ್ಯಾಲಡ್. ನಿಧಾನ ಗತಿ, ಸರಳ ಮಾತು, ಎದೆ ತೆರೆದು ಬೇಡಿಕೊಳ್ಳುವ ದನಿ.

ಅವನ ಸಂಬಂಧಿ ಜಿಮ್ಮಿ ಹ್ಯೂಸ್ ಕೂಡ ಲೇಟನ್‌ನವನೇ. 1964ರಲ್ಲಿ ಅವನ ‘ಸ್ಟೀಲ್ ಅವೇ’ ಹಿಟ್ ಆಯಿತು. ಅದು ರೆಕಾರ್ಡ್ ಆದದ್ದು ಹತ್ತಿರದ ಮಸಲ್ ಶೋಲ್ಸ್‌ನಲ್ಲಿ, ರಿಕ್ ಹಾಲ್ ನಡೆಸುತ್ತಿದ್ದ ಫೇಮ್ ಸ್ಟುಡಿಯೋದಲ್ಲಿ. ನ್ಯೂಯಾರ್ಕಿಗೆ ಹೋಗದೆ, ತಮ್ಮೂರ ಪಕ್ಕದಲ್ಲೇ ಹಾಡಿ ದೇಶಕ್ಕೆ ಕೇಳಿಸಬಹುದು ಅನ್ನೋದು ಆ ಭಾಗದ ಹುಡುಗರಿಗೆ ಗೊತ್ತಾದದ್ದು ಆಗ.

1965ರ ಹೊತ್ತಿಗೆ ಪರ್ಸಿ ಅಲ್ಲೇ ಹತ್ತಿರದ ಶೆಫೀಲ್ಡ್ ಊರಿನ ಆಸ್ಪತ್ರೆಯಲ್ಲಿ ಆರ್ಡರ್ಲಿ. ನಮ್ಮಲ್ಲಿ ವಾರ್ಡ್ ಬಾಯ್ ಅಂತೀವಲ್ಲ, ಅದೇ ಕೆಲಸ. ರೋಗಿಗಳನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು. ಕೆಲಸ ಮಾಡುತ್ತಾ ರೋಗಿಗಳಿಗೆ ಹಾಡುತ್ತಲೂ ಇದ್ದನಂತೆ. ವಾರದ ಕೊನೆಗೆ ‘ಎಸ್ಕ್ವೈರ್ಸ್ ಕಾಂಬೋ’ ಎಂಬ ತಂಡದ ಜೊತೆ ಕಾಲೇಜು ಹುಡುಗರ ಪಾರ್ಟಿಗಳಲ್ಲಿ ಹಾಡುತ್ತಿದ್ದ. ಅಲ್ಲಿ ಸ್ವಂತ ಹಾಡು ಯಾರಿಗೂ ಬೇಡ. ಜನಕ್ಕೆ ಗೊತ್ತಿದ್ದ ಹಿಟ್‌ಗಳೇ ಬೇಕು.

ಅವನ ದನಿಯ ವಿಷಯ ಬಂದಾಗ ಈ ಆಸ್ಪತ್ರೆ ನನಗೆ ಪದೇ ಪದೇ ನೆನಪಾಗುತ್ತದೆ. ನೋವಿನಲ್ಲಿ ಇರುವವರ ಪಕ್ಕ ದಿನವೂ ನಿಂತು ಹಾಡಿದವನಿಗೆ ಜೋರು ಮಾಡಬೇಕಾಗಿಲ್ಲ ಅನ್ನೋದು ತಾನಾಗೇ ಗೊತ್ತಾಗಿರುತ್ತದೆ. ಅವನ ಹಾಡಿಕೆಯಲ್ಲಿ ಎತ್ತರದ ಸ್ವರ ಬೇಕಾದಷ್ಟಿದೆ, ಅಬ್ಬರ ಮಾತ್ರ ಇಲ್ಲ.

ಹಾಡು ಹುಟ್ಟಿದ ಬಗೆ

ಇದರ ಕಥೆಯನ್ನು ಪರ್ಸಿ ಸಂದರ್ಶನಗಳಲ್ಲಿ ಅನೇಕ ಸಲ ಹೇಳಿದ್ದಾನೆ. ಕಟ್ಟಡದ ಕೆಲಸ ಕೈತಪ್ಪಿತ್ತು. ಪ್ರೀತಿಸಿದ ಹುಡುಗಿ ಬಿಟ್ಟು ಹೋಗಿದ್ದಳು. ಒಂದು ರಾತ್ರಿ ಕಾರ್ಯಕ್ರಮದಲ್ಲಿ ಬೇರೆಯವರ ಹಾಡು ಬಾಯಿಗೇ ಬರಲಿಲ್ಲ. ಬೇಸ್ ನುಡಿಸುವ ಕ್ಯಾಲ್ವಿನ್ ಲೂಯಿಸ್, ಆರ್ಗನ್ ನುಡಿಸುವ ಆಂಡ್ರ್ಯೂ ರೈಟ್ ಇಬ್ಬರ ಕಡೆ ತಿರುಗಿ, ಏನಾದರೂ ನುಡಿಸಿ, ಯಾವ ಶ್ರುತಿಯಾದರೂ ಸರಿ ಅಂದ. ಅವರು ನುಡಿಸಿದರು. ಇವನು ಮನಸ್ಸಿನಲ್ಲಿ ಇದ್ದದ್ದನ್ನು ಹಾಡಿದ. ಆಗ ಅದು ‘ನನ್ನನ್ನು ಯಾಕೆ ಬಿಟ್ಟು ಹೋದೆ’ ಅನ್ನುವ ಅರ್ಥದ ಹಾಡು. ರಾಗ ಮಾತ್ರ ಹೊಲದಲ್ಲಿ ದುಡಿಯುವಾಗ ಗುನುಗುತ್ತಿದ್ದ ಹಳೆಯ ರಾಗ ಅನ್ನೋದು ಅವನ ಮಾತು.

ಶೆಫೀಲ್ಡ್‌ನಲ್ಲಿ ಕ್ವಿನ್ ಐವಿ ಎಂಬ ಡಿಸ್ಕ್ ಜಾಕಿ ಇದ್ದ. ‘ಟ್ಯೂನ್ ಟೌನ್’ ಅಂತ ರೆಕಾರ್ಡ್ ಅಂಗಡಿ, ಅದರ ಜೊತೆಗೆ ‘ನೊರಾಲಾ’ ಅಂತ ಸಣ್ಣ ಸ್ಟುಡಿಯೋ. ನಾರ್ತ್ ಅಲಬಾಮಾ ಅನ್ನೋದನ್ನೇ ಚಿಕ್ಕದು ಮಾಡಿ ಇಟ್ಟ ಹೆಸರು. ಪರ್ಸಿಯ ದನಿ ಕೇಳಿದವನೇ ಐವಿ ಇದು ಬೇರೆ ಸರಕು ಅಂತ ಗುರುತಿಸಿದ. ಮಾತುಗಳನ್ನು ತಿದ್ದಿ ಕೂರಿಸಲು ಹೇಳಿದ. ಬಿಟ್ಟು ಹೋದವಳ ಮೇಲಿನ ದೂರು, ಪ್ರೀತಿಯಲ್ಲಿ ಬಿದ್ದ ಗಂಡಸಿನ ಸ್ಥಿತಿ ಆಯಿತು. ಒಬ್ಬನ ಗೋಳು ಎಲ್ಲರ ಹಾಡಾದದ್ದು ಈ ಒಂದು ತಿದ್ದುಪಡಿಯಿಂದ.

ಹೆಸರು ನೋಂದಾಯಿಸುವ ಹೊತ್ತಿಗೆ ಬರಹಗಾರರಾಗಿ ಲೂಯಿಸ್ ಮತ್ತು ರೈಟ್ ಹೆಸರು ಬಿತ್ತು. ಪರ್ಸಿಯದು ಬೀಳಲಿಲ್ಲ. ಗೆಳೆಯರು ಸಹಾಯ ಮಾಡಿದರು, ಅದಕ್ಕೆ ಪೂರ್ತಿ ಅವರಿಗೇ ಬಿಟ್ಟುಕೊಟ್ಟೆ ಅಂತ ಅವನೇ ಮುಂದೆ ಹೇಳಿದ. ತಾನು ಮಾಡಿದ ಅತಿ ಕೆಟ್ಟ ತೀರ್ಮಾನ ಅದು ಅಂತಲೂ ಹೇಳಿಕೊಂಡ. ಇಲ್ಲಿ ಯಾರೋ ಪೆಟ್ಟಿಗೆ ಒಡೆದು ಕದ್ದ ಕಥೆ ಇಲ್ಲ. ಲೂಯಿಸ್, ರೈಟ್ ಇಬ್ಬರೂ ಆ ಹಾಡಿನಲ್ಲಿ ನಿಜಕ್ಕೂ ಕೈ ಹಾಕಿದವರು. ಆಸ್ಪತ್ರೆಯ ಸಂಬಳದಲ್ಲಿ ಇದ್ದ 25ರ ಹುಡುಗನಿಗೆ ‘ಬರಹಗಾರ’ ಅನ್ನುವ ಒಂದು ಪದಕ್ಕೆ ಮುಂದಿನ ಐವತ್ತು ವರ್ಷಗಳಲ್ಲಿ ಎಷ್ಟು ಬೆಲೆ ಬರುತ್ತದೆ ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ, ಅಷ್ಟೇ.

ಆ ರೆಕಾರ್ಡಿಂಗ್ ಒಳಗೆ

1966ರ ಆರಂಭದಲ್ಲಿ ನೊರಾಲಾದಲ್ಲಿ ರೆಕಾರ್ಡಿಂಗ್ ನಡೆಯಿತು. ಐವಿ ಮತ್ತು ಗಿಟಾರ್ ವಾದಕ ಮಾರ್ಲಿನ್ ಗ್ರೀನ್ ನಿರ್ಮಾಪಕರು. ಸ್ಪೂನರ್ ಓಲ್ಡ್‌ಹ್ಯಾಮ್ ಫಾರ್ಫಿಸಾ ಆರ್ಗನ್‌ನಲ್ಲಿ, ರೋಜರ್ ಹಾಕಿನ್ಸ್ ಡ್ರಮ್ಸ್‌ನಲ್ಲಿ, ಜೂನಿಯರ್ ಲೋ ಬೇಸ್‌ನಲ್ಲಿ. ಟೇಪ್ ಯಂತ್ರದ ಹಿಂದೆ ಜಿಮ್ಮಿ ಜಾನ್ಸನ್. ವಾದಕರೆಲ್ಲ ಬಿಳಿಯರು, ಹಾಡುವವನು ಕರಿಯ. ಇದು ಅಲಬಾಮಾ. ಮತದಾನದ ಹಕ್ಕಿಗಾಗಿ ನಡೆದವರ ಮೇಲೆ ಸೆಲ್ಮಾದಲ್ಲಿ ಪೊಲೀಸರು ಲಾಠಿ ಬೀಸಿದ್ದು ಹಿಂದಿನ ವರ್ಷವಷ್ಟೇ. ಹೊರಗೆ ಹೋಟೆಲಿನಲ್ಲಿ ಜೊತೆಗೆ ಕೂತು ಊಟ ಮಾಡಿದರೆ ಜನ ತಿರುಗಿ ನೋಡುತ್ತಿದ್ದ ಕಾಲದಲ್ಲಿ, ಆ ಕೋಣೆಯ ಒಳಗೆ ಇವರು ಒಟ್ಟಿಗೆ ಈ ಹಾಡು ಮಾಡಿದರು.

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಬೇಸ್ ಗಿಟಾರ್ ಕಡೆ ಕಿವಿ ಇಡಿ. ಮೇಲಿನ ಸ ದಿಂದ ಶುರುವಾಗಿ ನಿ, ದ, ಪ, ಮ ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಶಂಕರಾಭರಣದ ಅವರೋಹಣ ಕಲಿತವರಿಗೆ ತಕ್ಷಣ ಗೊತ್ತಾಗುತ್ತದೆ. ಮ ಮುಟ್ಟಿ, ಪ ಕ್ಕೆ ಏರಿ, ಮತ್ತೆ ಸ ಗೆ ಬಂದು ಸೇರುತ್ತದೆ. ಹಾಡು ಪೂರ್ತಿ ಹೆಚ್ಚುಕಡಿಮೆ ಇದೇ ಸುತ್ತು. ಡ್ರಮ್ಸ್ ಪ್ರತಿ ಬೀಟನ್ನೂ ಮೂರು ಮೂರಾಗಿ ಒಡೆಯುತ್ತದೆ. ನಮ್ಮ ಲೆಕ್ಕದಲ್ಲಿ ತಿಶ್ರ ನಡೆ. ಅದರ ಮೇಲೆ ಆರ್ಗನ್, ಚರ್ಚಿನಲ್ಲಿ ಪ್ರಾರ್ಥನೆಗೆ ಮುಂಚೆ ಕೇಳಿಸುವ ಹಾಗೆ, ಸುಮ್ನೆ ಹರಡಿಕೊಂಡಿರುತ್ತದೆ.

ಬೇಸ್ ಕೆಳಗೆ ಇಳಿಯುತ್ತಾ ಇರುವಾಗ ಪರ್ಸಿಯ ದನಿ ಎತ್ತರದಲ್ಲೇ ಪ್ರವೇಶ ಮಾಡುತ್ತದೆ. ಮೊದಲ ಪದದಿಂದಲೇ ಗಂಟಲು ತುಂಬಿದೆ. ಹಾಡಿಗೆ ಬೇರೆ ಪಲ್ಲವಿ ಅಂತ ಇಲ್ಲ. ಶೀರ್ಷಿಕೆಯ ಸಾಲೇ ಪ್ರತಿ ಚರಣದ ಬಾಗಿಲು. ಬರೆದು ಓದಿದರೆ ಮಾತು ಬಹಳ ಸಾದಾ. ಪ್ರೀತಿಯಲ್ಲಿ ಬಿದ್ದವನಿಗೆ ಅವಳ ತಪ್ಪು ಕಾಣುವುದಿಲ್ಲ, ಗೆಳೆಯ ಎಚ್ಚರಿಸಿದರೆ ಅವನಿಗೇ ಬೆನ್ನು ತಿರುಗಿಸುತ್ತಾನೆ, ಇಂಥವು. ಪರ್ಸಿ ಅದನ್ನು ಹೇಳುವಾಗ ಪದದ ಕೊನೆಯನ್ನು ಎಳೆದು, ಬಗ್ಗಿಸಿ, ಒಡೆಯುವ ಹಂತಕ್ಕೆ ತಂದು ಹಿಡಿಯುತ್ತಾನೆ. ಆ ಎಳೆತ ಯಾವ ಕಾಗದದಲ್ಲೂ ಬರೆದಿರಲಿಲ್ಲ. ನನ್ನ ಮಟ್ಟಿಗೆ ಹಾಡು ಇರುವುದೇ ಅಲ್ಲಿ.

ಇನ್ನು ಊದುವ ವಾದ್ಯಗಳು. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳು ಕೊನೆಯ ಭಾಗದಲ್ಲಿ ಬರುತ್ತವೆ. ಶ್ರುತಿ ಸೇರುವುದಿಲ್ಲ. ಗಮನ ಇಟ್ಟು ಕೇಳಿದರೆ ಯಾರಿಗಾದರೂ ತಿಳಿಯುತ್ತದೆ. ಅಟ್ಲಾಂಟಿಕ್ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬನಾದ ಜೆರ್ರಿ ವೆಕ್ಸ್ಲರ್‌ಗೂ ತಿಳಿಯಿತು. ರಿಕ್ ಹಾಲ್ ಮೂಲಕ ಹಾಡು ಅವನ ಕೈಗೆ ಹೋಗಿತ್ತು. ಹಾಡು ಬಹಳ ಹಿಡಿಸಿತು, ಆದರೆ ಹಾರ್ನ್‌ಗಳನ್ನು, ಅಂದರೆ ಈ ಊದುವ ವಾದ್ಯಗಳನ್ನು, ಮತ್ತೆ ನುಡಿಸಿ ಕಳಿಸಿ ಅಂದ. ಶೆಫೀಲ್ಡ್‌ನವರು ಬೇರೆ ವಾದಕರನ್ನು ಕರೆಸಿ ನುಡಿಸಿ ಹೊಸ ಟೇಪ್ ಕಳಿಸಿದರು. ಆಮೇಲೆ ಏನಾಯಿತು ಅನ್ನೋದನ್ನು ಮಸಲ್ ಶೋಲ್ಸ್‌ನ ವಾದಕರು ಬಾಯಿಂದ ಬಾಯಿಗೆ ಹೇಳುತ್ತಾ ಬಂದಿದ್ದಾರೆ: ಟೇಪ್‌ಗಳು ಅದಲು ಬದಲಾಗಿ, ಹಳೆಯದೇ ಅಚ್ಚಾಗಿ ಹೊರಬಿತ್ತು. ಇವತ್ತಿಗೂ ಲೋಕ ಕೇಳುತ್ತಿರುವುದು ಶ್ರುತಿ ತಪ್ಪಿದ ಅದೇ ಟೇಪು.

ಇದನ್ನು ಅದೃಷ್ಟ ಅನ್ನುವವರಿದ್ದಾರೆ. ನನಗೆ ಅಲ್ಲಿ ಬೇರೆ ಏನೋ ಕೇಳಿಸುತ್ತದೆ. ಅಷ್ಟು ಹೊತ್ತು ಒಂಟಿಯಾಗಿ ಬೇಡಿಕೊಂಡವನ ಹಿಂದೆ ನಾಲ್ಕು ಜನ ಎದ್ದು ನಿಂತು ದನಿ ಕೂಡಿಸಿದ ಹಾಗೆ ಆ ಹಾರ್ನ್‌ಗಳು ಬರುತ್ತವೆ. ಎದ್ದು ನಿಂತವರ ದನಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ ತಾನೇ?

1966ರ ಮೇ ಕೊನೆಗೆ ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಎರಡು ವಾರ ಅಲ್ಲೇ ಕೂತಿತು. ಕರಿಯರ ಸಂಗೀತದ ಪಟ್ಟಿಯಾದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಮೊದಲನೆಯದು. ಇಂಗ್ಲೆಂಡಿನಲ್ಲಿ ನಾಲ್ಕನೆಯದು. ಹತ್ತು ಲಕ್ಷ ಪ್ರತಿ ದಾಟಿ ಅಟ್ಲಾಂಟಿಕ್‌ನ ಮೊತ್ತಮೊದಲ ಗೋಲ್ಡ್ ಸಿಂಗಲ್ ಆಯಿತು. ರೇ ಚಾರ್ಲ್ಸ್‌ನಂಥ ದೊಡ್ಡ ಗಾಯಕ ಹಾಡಿದ್ದ ಕಂಪನಿ ಅದು, ನೆನಪಿರಲಿ.

ಅದರ ಬೆನ್ನಿಗೇ ವೆಕ್ಸ್ಲರ್ ಸೋಲ್ ಗಾಯಕ ವಿಲ್ಸನ್ ಪಿಕೆಟ್‌ನನ್ನು, 1967ರ ಜನವರಿಯಲ್ಲಿ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರನ್ನು ಮಸಲ್ ಶೋಲ್ಸ್‌ಗೆ ಕರೆತಂದ. ಹಾಕಿನ್ಸ್, ಜಾನ್ಸನ್ ಮತ್ತಿಬ್ಬರು ಸೇರಿ 1969ರಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಹತ್ತಿ ಬೆಳೆಯುವ ಮೂಲೆಯೊಂದು ಸಂಗೀತದ ನಕ್ಷೆಯ ಮೇಲೆ ಬಂದ ದಾರಿಯಲ್ಲಿ ಈ ವಾರ್ಡ್ ಬಾಯ್‌ನ ಹಾಡು ದೊಡ್ಡ ಮೈಲಿಗಲ್ಲು.

ದುಡ್ಡು ಹರಿಯುವ ದಾರಿ

ಈಗ ರೆಕಾರ್ಡಿನ ಲೇಬಲ್ ಮೇಲೆ ಬರಹಗಾರರಾಗಿ ಬಿದ್ದ ಆ ಎರಡು ಹೆಸರಿಗೆ ಬರೋಣ.

ಒಂದು ಹಾಡಿನಲ್ಲಿ ಎರಡು ಬೇರೆ ಆಸ್ತಿ ಇರುತ್ತದೆ. ಒಂದು, ಹಾಡಿನ ರಚನೆ: ಮಾತು ಮತ್ತು ರಾಗ. ಇನ್ನೊಂದು, ಆ ನಿರ್ದಿಷ್ಟ ರೆಕಾರ್ಡಿಂಗ್. ರಚನೆಯ ದುಡ್ಡು ಬರೆದವರಿಗೆ ಮತ್ತು ಅವರ ಪರವಾಗಿ ಅದರ ಹಕ್ಕು ನೋಡಿಕೊಳ್ಳುವ ಪಬ್ಲಿಷರ್‌ಗೆ ಹೋಗುತ್ತದೆ. ರೆಕಾರ್ಡಿಂಗ್ ಕಂಪನಿಯದು, ಅದರಲ್ಲಿ ಗಾಯಕನಿಗೆ ಒಪ್ಪಂದದಂತೆ ಪಾಲು. ಅಮೆರಿಕದಲ್ಲಿ ಎಎಂ, ಎಫ್ಎಂ ರೇಡಿಯೋ ಹಾಡು ಹಾಕಿದರೆ ರಚನೆಗೆ ಮಾತ್ರ ದುಡ್ಡು ಕೊಡಬೇಕು. ಹಾಡಿದವನಿಗೆ ಒಂದು ಪೈಸೆಯೂ ಇಲ್ಲ. ಬೇರೆ ಯಾರಾದರೂ ಅದೇ ಹಾಡನ್ನು ಮತ್ತೆ ಹಾಡಿದರೆ ಆಗಲೂ ಅಷ್ಟೇ. ಮೂಲ ಗಾಯಕನಿಗೆ ಅದರಲ್ಲಿ ಏನೂ ಇಲ್ಲ.

ಈಗ ಲೆಕ್ಕ ಹಾಕಿ. ಈ ಹಾಡು ದಶಕಗಟ್ಟಲೆ ರೇಡಿಯೋದಲ್ಲಿ ಬಂತು. 1991ರಲ್ಲಿ ಅಮೆರಿಕದ ಗಾಯಕ ಮೈಕಲ್ ಬೋಲ್ಟನ್ ಅದನ್ನು ಮತ್ತೆ ಹಾಡಿದ. ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಗ್ರ್ಯಾಮಿಯೂ ಬಂತು. ಬೋಲ್ಟನ್ ಹಾಡಿಕೆ ಕೇಳಿದರೆ ಪರ್ಸಿ 25 ವರ್ಷ ಮೊದಲು ಹಾಕಿಕೊಟ್ಟ ಹಾದಿ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಎಲ್ಲಿ ಎಳೆಯಬೇಕು, ಎಲ್ಲಿ ದನಿ ಒಡೆಯಬೇಕು ಎಲ್ಲ. ಆದರೆ ಎಳೆತಕ್ಕೆ ಕಾಪಿರೈಟ್ ಇಲ್ಲವಲ್ಲ. ರಚನೆಯ ದುಡ್ಡು ಲೂಯಿಸ್, ರೈಟ್ ಮತ್ತು ಪಬ್ಲಿಷರ್ ಕಡೆ ಹೋಯಿತು.

ನಮ್ಮ ಕಡೆಯೂ ಇದು ಹೊಸ ಮಾತಲ್ಲ. ಸಿನಿಮಾ ಹಾಡು ಹಾಡಿದವರಿಗೆ ಬಹುಕಾಲ ಸಿಗುತ್ತಿದ್ದದ್ದು ರೆಕಾರ್ಡಿಂಗ್ ದಿನದ ಸಂಭಾವನೆ ಅಷ್ಟೇ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗಾಯಕರಿಗೂ ರಾಯಲ್ಟಿ ಹಕ್ಕು ಇದೆ ಅಂತ ಕಾನೂನಿನಲ್ಲಿ ಬರೆದಾಯಿತು. ಹಾಡುವವರು ಬರಹಗಾರರ ಪಟ್ಟಿಯಲ್ಲಿ ಇರದಿದ್ದರೂ ಅವರ ಕೆಲಸಕ್ಕೆ ಬೆಲೆ ಇದೆ ಅಂತ ಒಪ್ಪಿಕೊಳ್ಳಲು ಇಲ್ಲಿಯೂ ಅಷ್ಟು ಕಾಲ ಬೇಕಾಯಿತು.

ನನ್ನ ತೀರ್ಪು ಕೇಳಿದರೆ, ಆ ಲೇಬಲ್ ಮೇಲೆ ಮೂರು ಹೆಸರು ಇರಬೇಕಿತ್ತು. ರಾಗದ ಬೀಜ ತನ್ನದು ಅನ್ನುವ ಪರ್ಸಿಯ ಮಾತನ್ನು ನಾನು ನಂಬುತ್ತೇನೆ. ಅವನ ಉಳಿದ ರೆಕಾರ್ಡಿಂಗ್‌ಗಳಲ್ಲಿಯೂ ಅದೇ ಬಾಗು, ಅದೇ ಚರ್ಚಿನ ಗುನುಗು ಸಿಗುತ್ತದೆ.

ಒಂದೇ ಹಾಡಿನವನಲ್ಲ

ಪರ್ಸಿಯನ್ನು ಒಂದೇ ಹಿಟ್ ಹಾಡಿನ ಗಾಯಕ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 1966ರಲ್ಲೇ ‘ವಾರ್ಮ್ ಅಂಡ್ ಟೆಂಡರ್ ಲವ್’ ಬಂತು. ಅದೇ ವರ್ಷ ‘ಇಟ್ ಟೇರ್ಸ್ ಮಿ ಅಪ್’. ಎರಡೂ ಪಾಪ್ ಪಟ್ಟಿಯ ಮೊದಲ ಇಪ್ಪತ್ತರ ಒಳಗೆ ಬಂದವು. ಎರಡನೆಯದನ್ನು ಬರೆದವರು ಡ್ಯಾನ್ ಪೆನ್ ಮತ್ತು ಸ್ಪೂನರ್ ಓಲ್ಡ್‌ಹ್ಯಾಮ್. ತನ್ನವಳು ತನ್ನ ಗೆಳೆಯನ ಜೊತೆ ಹೋಗುವುದನ್ನು ನೋಡುತ್ತಾ ನಿಂತವನ ಹಾಡು ಅದು. ಪರ್ಸಿ ಅಲ್ಲಿ ಸಿಟ್ಟು ಮಾಡುವುದಿಲ್ಲ, ನೋಡುತ್ತಾನೆ ಅಷ್ಟೇ. ಆ ನೋಟವೇ ಎದೆ ಸೀಳುತ್ತದೆ.

1967ರ ‘ಔಟ್ ಆಫ್ ಲೆಫ್ಟ್ ಫೀಲ್ಡ್’ ಕೂಡ ಅದೇ ಜೋಡಿ ಬರೆದದ್ದು. ನನಗೆ ಅವನ ಎಲ್ಲ ರೆಕಾರ್ಡಿಂಗ್‌ಗಳಲ್ಲಿ ಜಾಸ್ತಿ ಇಷ್ಟ ಅದೇ. ಎಲ್ಲ ಕೈಬಿಟ್ಟು ಹೋಯಿತು ಅನ್ನುವಾಗ ಎಲ್ಲಿಂದಲೋ ಪ್ರೀತಿ ಬಂದು ಕೈಹಿಡಿಯುತ್ತದೆ ಅನ್ನುವ ಹಾಡು. ಸಂತೋಷದ ವಿಷಯವೇ. ಆದರೆ ಪರ್ಸಿ ಅದನ್ನು ಹಾಡುವಾಗ, ಹಿಂದೆ ಪಟ್ಟ ಕಷ್ಟ ಇನ್ನೂ ಮೈಮೇಲೆ ಇದೆ ಅನ್ನಿಸುತ್ತದೆ. ಅದು ಹೆಚ್ಚು ಮಾರಾಟ ಆಗಲಿಲ್ಲ. ಒಳ್ಳೆಯದೆಲ್ಲ ಓಡುತ್ತದೆ ಅಂತೇನಿಲ್ಲ ಅಲ್ವಾ.

1968ರ ‘ಟೇಕ್ ಟೈಮ್ ಟು ನೋ ಹರ್’ ಅಮೆರಿಕದಲ್ಲಿ 11ನೇ ಸ್ಥಾನದವರೆಗೆ ಹೋಯಿತು. ಅದು ಪೂರ್ತಿ ಒಂದು ಕಥೆ. ಮದುವೆಗೆ ಆತುರಪಡುವ ಮಗನಿಗೆ ತಾಯಿ, ಸ್ವಲ್ಪ ತಡಿ, ಅವಳನ್ನು ಅರ್ಥ ಮಾಡಿಕೋ ಅನ್ನುತ್ತಾಳೆ. ಇವನು ಕೇಳುವುದಿಲ್ಲ. ಒಂದು ರಾತ್ರಿ ಬೇಗ ಮನೆಗೆ ಬಂದಾಗ ಕಾಣಬಾರದ್ದು ಕಾಣುತ್ತದೆ. ಕಂಟ್ರಿ ಹಾಡಿನ ಕಥೆ ಹೇಳುವ ಗುಣ, ಚರ್ಚಿನ ಪಾದ್ರಿಯ ದನಿ, ಎರಡೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಜಿಮ್ ರೀವ್ಸ್ ಕೇಳಿ ಬೆಳೆದದ್ದು ಸುಮ್ಮನೆ ಹೋಗಲಿಲ್ಲ.

60ರ ದಶಕ ಮುಗಿಯುತ್ತಿದ್ದಂತೆ ಅಮೆರಿಕದಲ್ಲಿ ಕುಣಿಸುವ ಸಂಗೀತ ಜೋರಾಯಿತು, ನಿಧಾನದ ಬ್ಯಾಲಡ್ ಹಿಂದೆ ಸರಿಯಿತು. ಪರ್ಸಿಯನ್ನು ಹಿಡಿದು ನಿಲ್ಲಿಸಿದ್ದು ಹೊರದೇಶದ ಜನ. ನೆದರ್ಲ್ಯಾಂಡ್ಸ್‌ನಲ್ಲಿ ‘ಮೈ ಸ್ಪೆಷಲ್ ಪ್ರೇಯರ್’ ದೊಡ್ಡ ಹಿಟ್. 1970ರಲ್ಲಿ, ವರ್ಣಭೇದ ಕಾನೂನು ಇನ್ನೂ ಇದ್ದ ದಕ್ಷಿಣ ಆಫ್ರಿಕಾಕ್ಕೂ ಹೋಗಿ ಹಾಡಿದ. ಅಲ್ಲಿ ಅವನಿಗೆ ಅಪಾರ ಅಭಿಮಾನಿಗಳಿದ್ದರು. 1974ರಲ್ಲಿ ಕ್ಯಾಪ್ರಿಕಾರ್ನ್ ಕಂಪನಿಗೆ ಹಾಡಿದ ‘ಐ’ಲ್ ಬಿ ಯುವರ್ ಎವೆರಿಥಿಂಗ್’ ಮತ್ತೆ ಸ್ವಲ್ಪ ಮೇಲೆತ್ತಿತು. ಆಮೇಲೆ ಊರೂರು ತಿರುಗಿ ಕಾರ್ಯಕ್ರಮ. ಬರಹಗಾರನ ರಾಯಲ್ಟಿ ಇಲ್ಲದವನಿಗೆ ವೇದಿಕೆಯೇ ಅನ್ನ.

1987ರಲ್ಲಿ ಇಂಗ್ಲೆಂಡಿನಲ್ಲಿ ಲೀವೈಸ್ ಜೀನ್ಸ್ ಜಾಹೀರಾತಿಗೆ ಹಳೆಯ ರೆಕಾರ್ಡಿಂಗ್ ಬಳಸಿದರು. 21 ವರ್ಷ ಹಳೆಯ ಹಾಡು ಅಲ್ಲಿ ಎರಡನೇ ಸ್ಥಾನಕ್ಕೆ ಏರಿತು, ಮೊದಲ ಸಲಕ್ಕಿಂತ ಮೇಲೆ. ಹೊಸ ತಲೆಮಾರಿಗೆ ಪರ್ಸಿಯ ಹೆಸರು ತಿಳಿದದ್ದು ಹೀಗೆ. 1994ರ ‘ಬ್ಲೂ ನೈಟ್’ ಆಲ್ಬಂ ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. 2005ರಲ್ಲಿ ಸಂಗೀತಗಾರರ ಗೌರವಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿದರು.

2013ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಪರ್ಸಿ ಪೂರ್ತಿ ಚರ್ಚ್ ಹಾಡುಗಳ ಆಲ್ಬಂ ಒಂದನ್ನು ತಂದ. ಲೇಟನ್‌ನಲ್ಲಿ ಹುಡುಗನಾಗಿ ಹಾಡಲು ಕಲಿತದ್ದು ಆ ಬಗೆಯ ಹಾಡುಗಳಿಂದಲೇ. ಎರಡು ವರ್ಷದ ನಂತರ, 2015ರ ಏಪ್ರಿಲ್ 14ರಂದು, ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 74.